ಹಳೆ ಪೇಮೆಂಟ್ ವ್ಯವಸ್ಥೆ ಬದಲಿಸುವುದು ಹೇಗೆ? ಘಟ್ಟದ ಮೇಲಿನ ಸಣ್ಣ ಬ್ಯಾಂಕುಗಳಿಗೆ

"ತಮಾ, ದುಡ್ಡು ಎರಡು ಸಲ ಬೈಂದಲಾ, ಎಂತಾ ಆತು?"

ಪಾಸ್‌ಬುಕ್ ಹಿಡಿದು ಬಂದ ಹಿರಿಯರೊಬ್ಬರು ಕೌಂಟರಿನಲ್ಲಿ ಹೀಗೆ ಕೇಳಿದಾಗ ನಮ್ಮ ಹೊಸ ಸಿಸ್ಟಂಗೆ ಬರೀ ನಾಲ್ಕು ದಿನ. ಅಡಿಕೆ ಮಾರಿದ ಹಣ ಅವರ ಖಾತೆಗೆ ಎರಡು ಸಲ ಜಮೆ ಆಗಿತ್ತು. ಅವರು ಬಂದು ಹೇಳಿದರು. ಹೇಳದವರೂ ಇದ್ದರು. ಆ ವಾರ ನಾವ್ಯಾರೂ ರಾತ್ರಿ ಹನ್ನೊಂದರ ಒಳಗೆ ಮನೆ ಸೇರಲಿಲ್ಲ.

ನಾನು ಶಿರಸಿಯ ಒಂದು ಸಹಕಾರಿ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಇದ್ದವನು. ಬ್ಯಾಂಕಿನ ಹೆಸರು ಬೇಡ. ಈಗ ನಿವೃತ್ತಿಯಾದ ಮೇಲೆ ಬೇರೆ ಬ್ಯಾಂಕಿನವರು "ಹಳೇದನ್ನ ತೆಗೆದು ಹೊಸದು ಹಾಕ್ಬೇಕು, ಎಲ್ಲಿಂದ ಶುರು ಮಾಡೋದು?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆಡಳಿತ ಮಂಡಳಿಯಲ್ಲಿ ಇರುವವರು, ಮ್ಯಾನೇಜರುಗಳು, ಒಂದೇ ಕೋಣೆಯಲ್ಲಿ ಇಬ್ಬರೇ ಕುಳಿತು ಇಡೀ ಬ್ಯಾಂಕಿನ ಕಂಪ್ಯೂಟರ್ ನೋಡಿಕೊಳ್ಳುವವರು ಓದಲಿ ಎಂದು.

ಮೊದಲು ರೋಗ ಏನು ಎಂದು ನೋಡೋಣ. ನಮ್ಮ ಹಳೆ ಸಾಫ್ಟ್‌ವೇರುಗಳನ್ನು ಬರೆದ ಕಾಲದಲ್ಲಿ ಬ್ಯಾಂಕಿಗೆ ಬಾಗಿಲು ಇತ್ತು. ಬೆಳಿಗ್ಗೆ ತೆಗೆಯುವುದು, ಸಂಜೆ ಹಾಕುವುದು, ಡೇ ಎಂಡ್ ಮಾಡಿ, ಅಂದರೆ ದಿನದ ಲೆಕ್ಕ ಮುಚ್ಚಿ, ಮನೆಗೆ ಹೋಗುವುದು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಆರ್‌ಟಿಜಿಎಸ್ 2004ರಲ್ಲಿ, ಎನ್‌ಇಎಫ್‌ಟಿ 2005ರಲ್ಲಿ ಬಂದಾಗಲೂ ಇದು ನಡೆಯಿತು, ಯಾಕೆಂದರೆ ಅವಕ್ಕೂ ಆಗ ಹೊತ್ತು ಗೊತ್ತು ಇತ್ತು. 2010ರಲ್ಲಿ ಐಎಂಪಿಎಸ್, 2016ರಲ್ಲಿ ಯುಪಿಐ ಬಂತು, ಎರಡೂ ಆ ಕ್ಷಣಕ್ಕೇ ಹಣ ದಾಟಿಸುವಂಥವು. 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿ, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಹಗಲೂ ರಾತ್ರಿ ನಡೆಯತೊಡಗಿದವು. ಈಗ ಎನ್‌ಇಎಫ್‌ಟಿಗೆ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಬ್ಯಾಚ್. ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಗ್ರಾಹಕರ ಖಾತೆಗೆ ಹಣ ಹಾಕಬೇಕು, ಹಾಕಲಾಗದಿದ್ದರೆ ವಾಪಸ್ ಕಳಿಸಬೇಕು. ತಡವಾದರೆ ರೆಪೊ ದರದ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಶೇಕಡಾ 2 ಸೇರಿಸಿ ಬಡ್ಡಿ ಕೊಡಬೇಕು. ಆದರೆ ನಮ್ಮ ಸಿಸ್ಟಂ ರಾತ್ರಿ ಎಂಟಕ್ಕೆ ಮಲಗುತ್ತದೆ. ಬೆಳಿಗ್ಗೆ ಯಾರೋ ಬಂದು ಡೇ ಬಿಗಿನ್ ಒತ್ತುವ ತನಕ ಏಳುವುದಿಲ್ಲ. ಆ ಹೊತ್ತಿನಲ್ಲಿ ಬಂದ ದುಡ್ಡು ಹೊರಗೆ ಜಗಲಿ ಮೇಲೆ ಕೂತಿರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಪತ್ತಿನ ಸಹಕಾರಿ ಸಂಘ ಬ್ಯಾಂಕಲ್ಲ. ಅದು ಯಾವುದಾದರೂ ಬ್ಯಾಂಕಿನಲ್ಲಿ ತನ್ನ ಖಾತೆ ಇಟ್ಟುಕೊಂಡು ಅದರ ಮೂಲಕವೇ ಹಣ ಕಳಿಸಬೇಕು. ಸಣ್ಣ ಸಹಕಾರಿ ಬ್ಯಾಂಕುಗಳಲ್ಲಿ ಹೆಚ್ಚಿನವು ದೊಡ್ಡ ಸ್ಪಾನ್ಸರ್ ಬ್ಯಾಂಕೊಂದರ ಕೆಳಗೆ ಸಬ್‌ಮೆಂಬರ್ ಆಗಿರುತ್ತವೆ, ಅಂದರೆ ಅದರ ಮೂಲಕ ಈ ಜಾಲಗಳಿಗೆ ಸೇರಿರುತ್ತವೆ. ಮುಂದೆ ಬರೆದದ್ದೆಲ್ಲ ಮುಖ್ಯವಾಗಿ ಈ ಎರಡನೇ ಥರದವರಿಗೆ.

ಹಂತ 1: ಒಂದು ರೂಪಾಯಿಯ ಹಿಂದೆ ನಡೆಯಿರಿ

ವೆಂಡರನ್ನು, ಅಂದರೆ ಸಾಫ್ಟ್‌ವೇರ್ ಮಾರುವ ಕಂಪನಿಯವರನ್ನು, ಕರೆಯಬೇಡಿ. ಇನ್ನೂ ಬೇಡ. ಒಂದು ದೊಡ್ಡ ಡ್ರಾಯಿಂಗ್ ಶೀಟ್ ತಗೊಳ್ಳಿ. ಗ್ರಾಹಕರು ಎನ್‌ಇಎಫ್‌ಟಿ ಫಾರ್ಮ್ ಕೊಟ್ಟಲ್ಲಿಂದ ಹಿಡಿದು ಹಣ ಆಚೆ ಬ್ಯಾಂಕಿನಲ್ಲಿ ಬೀಳುವವರೆಗೆ ಯಾರ ಕೈ, ಯಾವ ಕಂಪ್ಯೂಟರ್, ಯಾವ ಫೈಲ್ ಎಂದು ಬರೆಯಿರಿ. ಮ್ಯಾನೇಜರ್ ಹೇಳಿದ್ದನ್ನು ಬರೆಯಬೇಡಿ. ಕೆಲಸ ಮಾಡುವ ಹುಡುಗನ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಇಡೀ ದಿನ ಕೂತು ನೋಡಿ.

ನಾವು ಹೀಗೆ ಕೂತಾಗ ಕಂಡದ್ದು ಇದು. ಹಳೆ ಸಾಫ್ಟ್‌ವೇರಿನಿಂದ ಒಂದು ಟೆಕ್ಸ್ಟ್ ಫೈಲ್ ಹೊರಗೆ ಬರುತ್ತಿತ್ತು. ಅದನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಒಯ್ದು ಸ್ಪಾನ್ಸರ್ ಬ್ಯಾಂಕಿನ ಪೋರ್ಟಲ್‌ಗೆ ಹಾಕುತ್ತಿದ್ದರು. ನಡುವೆ ಯಾರು ಬೇಕಾದರೂ ನೋಟ್‌ಪ್ಯಾಡಿನಲ್ಲಿ ತೆರೆದು ಖಾತೆ ನಂಬರ್ ಬದಲಿಸಬಹುದಿತ್ತು! ಯಾರೂ ಬದಲಿಸಿರಲಿಲ್ಲ, ಅದು ನಮ್ಮ ಪುಣ್ಯ. ಆಮೇಲೆ ಒಂದು ಎಕ್ಸೆಲ್ ಶೀಟ್. ಅದನ್ನು ಮಾಡಿದವರು ವರ್ಗವಾಗಿ ಕಾರವಾರ ಶಾಖೆಗೆ ಹೋಗಿದ್ದರು. ಅದರ ಒಂದು ಕಾಲಂ ಏನು ಎಂದು ಉಳಿದವರಿಗೆ ಗೊತ್ತಿರಲಿಲ್ಲ, ಆದರೆ ಅದು ಸೊನ್ನೆ ಬರದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ವಿಂಡೋಸ್ 7ರ ಹಳೆ ಪಿಸಿ ಒಂದಿತ್ತು. ಚೆಕ್ ಸ್ಕ್ಯಾನರ್ ಅದರಲ್ಲಿ ಮಾತ್ರ ಓಡುತ್ತಿತ್ತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನಿಮ್ಮ ಮೂಲೆಯಲ್ಲಿ ಏನಿದೆ, ಒಮ್ಮೆ ಹೋಗಿ ನೋಡಿ.

ಈ ಶೀಟಿನಲ್ಲಿ ಕೈಯಿಂದ ಮಾಡುವ ಪ್ರತಿ ಕೆಲಸಕ್ಕೂ ಕೆಂಪು ಗುರುತು ಹಾಕಿ. ಹೊಸ ಸಿಸ್ಟಂ ಯಾಕೆ ಬೇಕು ಎಂಬುದಕ್ಕೆ ಉತ್ತರ ಆ ಕೆಂಪು ಗುರುತುಗಳಲ್ಲಿ ಇರುತ್ತದೆ. ವೆಂಡರಿನ ಬಣ್ಣದ ಪುಸ್ತಕದಲ್ಲಿ ಇರುವುದಿಲ್ಲ.

ಹಂತ 2: ಮೊದಲು ತಾಳೆ, ಆಮೇಲೆ ಸಾಫ್ಟ್‌ವೇರ್

ಲೆಕ್ಕ ತಾಳೆ ನೋಡುವುದನ್ನು ಎಲ್ಲರೂ ಕೊನೆಗೆ ಇಟ್ಟುಕೊಳ್ಳುತ್ತಾರೆ. ನಾವೂ ಹಾಗೇ ಮಾಡಿದ್ದೆವು. ತಪ್ಪು ಅಲ್ಲೇ ಆದದ್ದು.

ಮೂರು ಕಡೆಯ ಲೆಕ್ಕ ದಿನವೂ ಕೂಡಬೇಕು: ನಿಮ್ಮ ಲೆಡ್ಜರ್, ಸ್ವಿಚ್ (ಎಟಿಎಂ, ಯುಪಿಐಯಂಥ ಸಂದೇಶಗಳನ್ನು ದಾಟಿಸುವ ಕಂಪ್ಯೂಟರ್ ವ್ಯವಸ್ಥೆ) ಕಳಿಸುವ ಫೈಲ್, ಸ್ಪಾನ್ಸರ್ ಬ್ಯಾಂಕಿನಲ್ಲಿ ಇರುವ ನಿಮ್ಮ ಸೆಟಲ್‌ಮೆಂಟ್ ಖಾತೆಯ ಸ್ಟೇಟ್‌ಮೆಂಟ್. ಮೊತ್ತ ಕೂಡಿದರೆ ಸಾಲದು, ಒಂದೊಂದು ವ್ಯವಹಾರವೂ ಕೂಡಬೇಕು. ಒಂದು ಕಡೆ 5,000 ಹೆಚ್ಚಾಗಿ ಇನ್ನೊಂದು ಕಡೆ 5,000 ಕಡಿಮೆಯಾದರೆ ಮೊತ್ತ ಚಂದವಾಗಿ ಕೂಡುತ್ತದೆ, ಇಬ್ಬರು ಗ್ರಾಹಕರು ಮಾತ್ರ ಅಳುತ್ತಿರುತ್ತಾರೆ. ಹಿಡಿಯುವ ಕೊಕ್ಕೆ ಎಂದರೆ ವ್ಯವಹಾರದ ಗುರುತು ಸಂಖ್ಯೆ. ಎನ್‌ಇಎಫ್‌ಟಿಯ ಯುಟಿಆರ್ 16 ಅಕ್ಷರ, ಆರ್‌ಟಿಜಿಎಸ್‌ನದ್ದು 22, ಐಎಂಪಿಎಸ್ ಮತ್ತು ಯುಪಿಐಗೆ 12 ಅಂಕಿಯ ಆರ್‌ಆರ್‌ಎನ್. ನಿಮ್ಮ ಹಳೆ ಟೇಬಲ್ಲಿನಲ್ಲಿ ಈ ಸಂಖ್ಯೆಗೆ ಪೂರ್ತಿ ಜಾಗ ಇದೆಯಾ ನೋಡಿ. ನಮ್ಮಲ್ಲಿ 16ಕ್ಕೆ ಕತ್ತರಿಸಿ ಹೋಗುತ್ತಿತ್ತು. ಆರ್‌ಟಿಜಿಎಸ್‌ನ ಕೊನೆಯ ಆರು ಅಂಕಿ ಮಾಯ, ಅಂದರೆ ಒಂದನ್ನು ಇನ್ನೊಂದರಿಂದ ಬೇರೆ ಮಾಡುವ ಭಾಗವೇ ಮಾಯ.

ಸಸ್ಪೆನ್ಸ್ ಖಾತೆಯನ್ನೂ (ಎಲ್ಲಿಗೆ ಸೇರಬೇಕೆಂದು ತಿಳಿಯದ ಹಣ ಇಡುವ ಖಾತೆ) ಈಗಲೇ ತೆಗೆದು ನೋಡಿ. ಅಲ್ಲಿ ವರ್ಷಗಳಿಂದ ಬಿದ್ದ ಚಿಲ್ಲರೆ ಎಂಟ್ರಿಗಳನ್ನು ಬಗೆಹರಿಸದೆ ಹೊಸ ಮನೆಗೆ ಒಯ್ಯಬೇಡಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯನ್ನು ಗೋಡೆಗೆ ಅಂಟಿಸಿ. ಐಎಂಪಿಎಸ್‌ನಲ್ಲಿ, ಒಬ್ಬರಿಂದ ಒಬ್ಬರಿಗೆ ಹೋಗುವ ಯುಪಿಐನಲ್ಲಿ ಹಣ ಕಡಿತವಾಗಿ ಆಚೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಎಟಿಎಂನಲ್ಲಿ ನೋಟು ಬರದಿದ್ದರೆ ಐದು ದಿನದೊಳಗೆ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಗ್ರಾಹಕರು ಕೇಳದಿದ್ದರೂ ಕೊಡಬೇಕು. ತಾಳೆ ದಿನವೂ ಆಗದ ಬ್ಯಾಂಕಿಗೆ ಯಾರಿಗೆ ಕೊಡಬೇಕು ಎಂಬುದೇ ತಿಳಿಯುವುದಿಲ್ಲ, ಅಲ್ವಾ?

ತಾಳೆ ನೋಡುವ ಸಣ್ಣ ಪ್ರೋಗ್ರಾಂ ಹಳೆ ಸಿಸ್ಟಂ ಇರುವಾಗಲೇ ಮಾಡಿಸಿ. ಒಂದು ತಿಂಗಳು ದಿನವೂ ಸೊನ್ನೆ ವ್ಯತ್ಯಾಸ ಬಂದ ಮೇಲೆ ಮುಂದಿನ ಹಂತ.

ಹಂತ 3: ಗಣಪತಿ ಹೆಗಡೆ ಯಾರು?

ನಮ್ಮ ಕಡೆ ಕೌಂಟರಿನಲ್ಲಿ ನಿಂತು "ಗಣಪತಿ ಹೆಗಡೆ" ಎಂದು ಕೂಗಿದರೆ ಮೂವರು ತಿರುಗಿ ನೋಡುತ್ತಾರೆ. ಇಂಗ್ಲಿಷಿನಲ್ಲಿ ಹೆಗಡೆ ಎಂದು ಬರೆಯುವಾಗ ಒಬ್ಬರು 'ಜಿ' ಆದ ಮೇಲೆ ಒಂದು 'ಎ' ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಭಟ್ಟರಲ್ಲಿ ಒಂದು 'ಟಿ'ಯವರು, ಎರಡು 'ಟಿ'ಯವರು. ಕರಾವಳಿ ಶಾಖೆಗೆ ಹೋದರೆ ನಾಯ್ಕರದ್ದೂ ಇದೇ ಕಥೆ. ಹಳೆ ಸಾಫ್ಟ್‌ವೇರಿನಲ್ಲಿ ಹೆಸರಿಗೆ 20 ಅಕ್ಷರ ಎಂದು ಗೆರೆ ಎಳೆದಿದ್ದರೆ ತಂದೆ ಹೆಸರು, ಊರ ಹೆಸರು ಅರ್ಧಕ್ಕೇ ಕತ್ತರಿಸಿರುತ್ತದೆ.

ಮೊದಲು ಇದು ಅಷ್ಟು ಕಾಡುತ್ತಿರಲಿಲ್ಲ, ಖಾತೆ ನಂಬರ್ ಸರಿ ಇದ್ದರೆ ಸಾಕಿತ್ತು. 2025ರ ಏಪ್ರಿಲ್ 1ರಿಂದ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವವರಿಗೆ ಹಣ ಕಳಿಸುವ ಮೊದಲೇ ಪಡೆಯುವವರ ಹೆಸರು ಕಾಣಿಸಬೇಕು. ಪಡೆಯುವವರು ನಿಮ್ಮ ಗ್ರಾಹಕರಾದರೆ ಆ ಹೆಸರು ಬರುವುದು ನಿಮ್ಮ ಬ್ಯಾಂಕಿನ ದಾಖಲೆಯಿಂದ. ಅಲ್ಲಿ ಅರ್ಧ ಹೆಸರು ಕಂಡರೆ ಹುಬ್ಬಳ್ಳಿಯ ವ್ಯಾಪಾರಿ ಹಣ ಕಳಿಸಲು ಹಿಂದೆಮುಂದೆ ನೋಡುತ್ತಾನೆ. ಅವನದ್ದು ತಪ್ಪಲ್ಲ.

ಕನ್ನಡದಲ್ಲಿ ಹೆಸರು ಇಟ್ಟಿದ್ದೀರಿ ಎಂದಾದರೆ ಇನ್ನೊಂದು ಗಂಟು. ಹಳೆ ಕಾಲದ ಕನ್ನಡ ಡೇಟಾ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್‌ನಲ್ಲಿ ಇರುವುದಿಲ್ಲ. ಆ ಫಾಂಟ್ ತೆಗೆದರೆ ಬರೀ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಪರಿವರ್ತನೆ ಮಾಡುವ ಸಾಧನಗಳಿವೆ, ಆದರೆ ಒತ್ತಕ್ಷರ, ಅರ್ಕಾವತ್ತು ಬಂದಲ್ಲಿ ಅವು ಎಡವುತ್ತವೆ. ಒಂದು ಸಾವಿರ ಹೆಸರು ತೆಗೆದು ಕಣ್ಣಲ್ಲೇ ಓದಿ ನೋಡುವುದು ಬಿಟ್ಟು ಬೇರೆ ದಾರಿ ಇಲ್ಲ. ನಾವು ಈ ಕೆಲಸಕ್ಕೆ ನಿವೃತ್ತ ಶಿಕ್ಷಕರೊಬ್ಬರನ್ನು ಕೂರಿಸಿದ್ದೆವು. ಇಡೀ ಯೋಜನೆಯಲ್ಲಿ ಅದಕ್ಕಿಂತ ಒಳ್ಳೆ ಖರ್ಚು ಮತ್ತೊಂದಿಲ್ಲ.

ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಗುರುತಿನ ಕೋಡ್) ಪಟ್ಟಿಯನ್ನೂ ಹೊಸದು ಮಾಡಿ. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. 2025ರ ಮೇ 1ಕ್ಕೆ ನಮ್ಮ ಜಿಲ್ಲೆಯ ವಿಕಾಸ ಗ್ರಾಮೀಣ ಬ್ಯಾಂಕೂ ಒಂದೇ ರಾಜ್ಯ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆಯಿತು. ಜನ ಇನ್ನೂ ಹಳೆ ಪಾಸ್‌ಬುಕ್ ನೋಡಿಯೇ ಫಾರ್ಮ್ ತುಂಬುತ್ತಾರೆ.

ಹಂತ 4: ಗೋಳಿ ಮರದ ಹಾಗೆ

ಹಲಸಿನ ಮರದ ಕವಲಿನಲ್ಲಿ ಹಕ್ಕಿ ಹಾಕಿದ ಗೋಳಿ ಬೀಜ ಮೊಳೆಯುವುದನ್ನು ನಮ್ಮ ಬೆಟ್ಟದಲ್ಲಿ ಎಲ್ಲರೂ ನೋಡಿದ್ದೀರಿ. ಬೇರು ನಿಧಾನಕ್ಕೆ ಕೆಳಗಿಳಿಯುತ್ತದೆ. ಎಷ್ಟೋ ವರ್ಷ ಎರಡೂ ಮರ ಒಟ್ಟಿಗೇ ನಿಂತಿರುತ್ತವೆ. ಕೊನೆಗೆ ಒಳಗಿನದು ಇಲ್ಲವಾದಾಗ ಹೊರಗಿನದು ತನ್ನ ಕಾಲ ಮೇಲೆ ನಿಂತಿರುತ್ತದೆ. ಸಾಫ್ಟ್‌ವೇರಿನವರೂ ಈ ವಿಧಾನಕ್ಕೆ ಇದೇ ಜಾತಿಯ ಮರದ ಹೆಸರು ಕೊಟ್ಟಿದ್ದಾರೆ, 'ಸ್ಟ್ರಾಂಗ್ಲರ್ ಫಿಗ್' ಎಂದು.

ಇದಕ್ಕೆ ಎದುರು ದಾರಿ ಎಂದರೆ ಒಂದೇ ರಾತ್ರಿ ಎಲ್ಲ ಬದಲಿಸುವುದು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಒಂದೇ ವಾರಾಂತ್ಯದಲ್ಲಿ ಹೀಗೆ ಮಾಡಲು ಹೋಯಿತು. 19 ಲಕ್ಷದಷ್ಟು ಗ್ರಾಹಕರು ತಮ್ಮ ಖಾತೆಯನ್ನೇ ತೆರೆಯಲಾಗದೆ ಹೊರಗುಳಿದರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ನಿಯಂತ್ರಕರು ಸುಮಾರು 4.86 ಕೋಟಿ ಪೌಂಡ್ ದಂಡ ಹಾಕಿದರು. ಅಷ್ಟು ದೊಡ್ಡವರಿಗೇ ಹಾಗಾದರೆ ನಮ್ಮ ಇಬ್ಬರು ಹುಡುಗರ ಪಾಡೇನು?

ಹಾಗಾಗಿ ಹಳೆ ಲೆಡ್ಜರನ್ನು ಸದ್ಯಕ್ಕೆ ಮುಟ್ಟಬೇಡಿ. ಅದರ ಮುಂದೆ ಒಂದು ಹೊಸ ಪೇಮೆಂಟ್ ಪದರ ಕೂರಿಸಿ. ಹೊರಗಿನಿಂದ ಬರುವ ಸಂದೇಶ ಅದು ತಗೊಳ್ಳುತ್ತದೆ, ಹಳೇದಕ್ಕೆ ಅರ್ಥವಾಗುವ ಹಾಗೆ ಮಾಡಿ ಕೊಡುತ್ತದೆ. ಲೆಡ್ಜರ್ ಡೇ ಎಂಡ್‌ನಲ್ಲಿ ಮಲಗಿದ್ದರೂ ಈ ಪದರ ಎಚ್ಚರ ಇರುತ್ತದೆ, ಬಂದದ್ದನ್ನು ಹಿಡಿದಿಟ್ಟು ಎದ್ದ ಕೂಡಲೇ ಒಪ್ಪಿಸುತ್ತದೆ. ಎರಡು ಗಂಟೆಯ ಗಡುವು ಉಳಿಯಬೇಕಾದರೆ ಡೇ ಎಂಡನ್ನೂ ಅಷ್ಟಕ್ಕೆ ಚಿಕ್ಕದು ಮಾಡಬೇಕು. ಮೊದಲು ಹೊರಗೆ ಹೋಗುವ ಎನ್‌ಇಎಫ್‌ಟಿ, ಅದೂ ಒಂದೇ ಶಾಖೆಯದ್ದು. ಆಮೇಲೆ ಒಳಬರುವುದು. ಯುಪಿಐ ಕೊನೆಗೆ, ಯಾಕೆಂದರೆ ಅಲ್ಲಿ ಸಂಖ್ಯೆ ಜಾಸ್ತಿ, ಕಾಯುವ ವ್ಯವಧಾನ ಕಡಿಮೆ.

ಈಗ ಶುರುವಿನಲ್ಲಿ ಹೇಳಿದ ಎರಡು ಸಲದ ಜಮೆಗೆ ಬರೋಣ. ಆದದ್ದಿಷ್ಟು: ಹೊಸ ಪದರ "ಇವರಿಗೆ ಇಷ್ಟು ಜಮೆ ಮಾಡು" ಎಂದಿತು. ಲೆಡ್ಜರ್ ಜಮೆ ಮಾಡಿತು, ಆದರೆ "ಆಯ್ತು" ಎಂಬ ಉತ್ತರ ದಾರಿಯಲ್ಲಿ ಕಳೆದುಹೋಯಿತು. ಆ ಹೊತ್ತಿಗೆ ನೆಟ್ ಲೈನ್ ಹೋಗಿತ್ತು. ಉತ್ತರ ಬರಲಿಲ್ಲ ಎಂದು ಹೊಸದು ಮತ್ತೆ ಕೇಳಿತು, ಹಳೆಯದು ಮತ್ತೆ ಮಾಡಿತು. ಎರಡರದ್ದೂ ತಪ್ಪಿಲ್ಲ, ಸೇರಿಸಿದ ನಮ್ಮದು ತಪ್ಪು. ಪ್ರತಿ ವ್ಯವಹಾರಕ್ಕೂ ಒಂದೇ ಒಂದು ಗುರುತು ಸಂಖ್ಯೆ ಇರಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಲೆಡ್ಜರ್ "ಇದು ಆಗಲೇ ಆಗಿದೆ" ಎಂದು ಹಳೆ ಉತ್ತರವನ್ನೇ ಕೊಡಬೇಕು. ಉತ್ತರ ಬರದಿದ್ದರೆ ಮತ್ತೆ ಕಳಿಸುವುದಲ್ಲ, "ಆ ವ್ಯವಹಾರ ಏನಾಯಿತು?" ಎಂದು ವಿಚಾರಿಸುವುದು. ಡೆಮೋ ದಿನ ವೆಂಡರಿಗೆ ಹೇಳಿ, ಜಮೆ ಆಗುವ ಹೊತ್ತಿಗೆ ನೆಟ್ ಕೇಬಲ್ ಕಿತ್ತು ತೋರಿಸು ಎಂದು. ಮುಖ ನೋಡಿದರೇ ಅರ್ಧ ಗೊತ್ತಾಗುತ್ತದೆ.

ಇನ್ನೊಂದು ಸಣ್ಣ ವಿಷಯ. ಹಣವನ್ನು ಪೈಸೆ ಲೆಕ್ಕದಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿಸಿ. ಕಂಪ್ಯೂಟರಿನ 'ಫ್ಲೋಟ್' ಎಂಬ ಅಂದಾಜು ದಶಾಂಶ ರೂಪದಲ್ಲಿ ಇಟ್ಟರೆ ತಿಂಗಳ ಕೊನೆಗೆ ಎರಡು ಪೈಸೆ ಹುಡುಕುತ್ತಾ ಕೂರುತ್ತೀರಿ.

ಹಂತ 5: ಎರಡು ಲೈನ್ ಎಂದರೆ ಎರಡು ಕಂಬ

ಬೆಂಗಳೂರಿನಲ್ಲಿ ಕೂತು ಯೋಜನೆ ಮಾಡುವವರಿಗೆ ನಮ್ಮ ಜೂನ್‌ನಿಂದ ಸೆಪ್ಟೆಂಬರ್ ಗೊತ್ತಿಲ್ಲ. ಒಂದು ಮರ ಬಿದ್ದರೆ ಕರೆಂಟೂ ಇಲ್ಲ, ಕೇಬಲ್ಲೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದದ್ದು, ಹೆದ್ದಾರಿ ಬಂದಾದದ್ದು ಯಾರೂ ಮರೆತಿಲ್ಲ. ಅದೇ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ಹಳೆ ಸೇತುವೆ ಕುಸಿಯಿತು.

ನಾವು ಎರಡು ಕಂಪನಿಯ ಲೈನ್ ಹಾಕಿಸಿ ನಿಶ್ಚಿಂತೆಯಿಂದ ಇದ್ದೆವು. ಒಂದು ಮಳೆಗೆ ಎರಡೂ ಒಟ್ಟಿಗೇ ಹೋದವು. ಹೋಗಿ ನೋಡಿದರೆ ಎರಡೂ ಒಂದೇ ಕಂಬದ ಮೇಲೆ! ಹಾಗಾಗಿ ಬಿಲ್ ಯಾರದ್ದು ಎಂದು ಕೇಳಬೇಡಿ, ಕೇಬಲ್ ಎಲ್ಲಿಂದ ಬರುತ್ತದೆ ಎಂದು ಕೇಳಿ. ಒಂದು ಹುಬ್ಬಳ್ಳಿ ಕಡೆಯಿಂದ, ಇನ್ನೊಂದು ದೇವಿಮನೆ ಘಟ್ಟ ಹತ್ತಿ ಕುಮಟಾ ಕಡೆಯಿಂದ ಬಂದರೆ ಒಳ್ಳೆಯದು. ಮೂರನೆಯದಾಗಿ ಮೊಬೈಲ್ ಸಿಮ್‌ನ ರೂಟರ್. ಯುಪಿಎಸ್ ಬ್ಯಾಟರಿಯನ್ನು ಮೇ ತಿಂಗಳಲ್ಲೇ ಪೂರ್ತಿ ಇಳಿಸಿ ನೋಡಿ, ಹಾಳೆಯ ಮೇಲೆ ನಾಲ್ಕು ಗಂಟೆ ಎಂದು ಇದ್ದದ್ದು ನಮ್ಮಲ್ಲಿ ನಲವತ್ತು ನಿಮಿಷ ಬಂತು. ಮುಖ್ಯ ಸರ್ವರ್ ಶಿರಸಿಯಲ್ಲಿ ಇಡುವ ಹಠ ಬೇಡ. ಡೇಟಾ ಸೆಂಟರ್ ಬೇರೆ ಕಡೆ ಇರಲಿ, ಆದರೆ ದೇಶದ ಒಳಗೇ. ಪೇಮೆಂಟ್ ಡೇಟಾ ಭಾರತದಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಹೇಳಿದೆ.

ಹಂತ 6: ಕಳ್ಳ ಬರುವುದು ಎರಡನೇ ಶನಿವಾರ

ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿಗೂ ಜಾಸ್ತಿ ಹೋದದ್ದು 2018ರ ಆಗಸ್ಟ್ 11 ಮತ್ತು 13ರಂದು. 11 ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ಕಳ್ಳರು ಒಂದು ನಕಲಿ ಸ್ವಿಚ್ ಕೂರಿಸಿದ್ದರು. ಎಟಿಎಂ ಕೇಳಿದ ಪ್ರತಿ ಪ್ರಶ್ನೆಗೂ ಅದು ಲೆಡ್ಜರನ್ನು ಕೇಳದೆಯೇ "ಕೊಡು" ಎನ್ನುತ್ತಿತ್ತು. ಇಲ್ಲಿ ಮತ್ತೆ ತಾಳೆಯ ಮಾತೇ: ಸ್ವಿಚ್ ಒಪ್ಪಿದ್ದು, ಲೆಡ್ಜರಿನಲ್ಲಿ ಕಡಿತವಾದದ್ದು ಗಂಟೆಗೊಮ್ಮೆ ಕೂಡುತ್ತಾ ಇದ್ದರೆ ಮೊದಲ ಗಂಟೆಯಲ್ಲೇ ಗಂಟೆ ಬಾರಿಸುತ್ತದೆ. ರಜೆ ದಿನವೂ.

ಪೇಮೆಂಟ್ ಕಳಿಸುವ ಕಂಪ್ಯೂಟರಿನಲ್ಲಿ ಇಮೇಲ್, ಬ್ರೌಸಿಂಗ್, ಪೆನ್‌ಡ್ರೈವ್ ಯಾವುದೂ ಬೇಡ. ಹಾಕುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. "ಸಾರ್ ರಜೆ ಮೇಲೆ ಹೋಗುವಾಗ ಪಾಸ್‌ವರ್ಡ್ ಕೊಟ್ಟು ಹೋಗಿದ್ದಾರೆ" ಎಂಬ ಮಾತು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಏನಾದರೂ ಆದರೆ ಆರು ಗಂಟೆಯೊಳಗೆ ದೇಶದ ಸೈಬರ್ ಭದ್ರತೆ ನೋಡುವ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂಬುದು 2022ರ ಏಪ್ರಿಲ್ 28ರ ನಿರ್ದೇಶನ. ಯಾರು ತಿಳಿಸುವುದು ಎಂದು ಈಗಲೇ ಬರೆದಿಡಿ.

ಹಂತ 7: ವೆಂಡರ್ ಜೊತೆ ಸಹಿ ಮಾಡುವಾಗ

2024ರ ಜುಲೈ ಕೊನೆಯಲ್ಲಿ ಒಂದೇ ತಂತ್ರಜ್ಞಾನ ಕಂಪನಿಗೆ ರ‍್ಯಾನ್ಸಮ್‌ವೇರ್ (ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವ ವೈರಸ್) ತಗುಲಿದ್ದಕ್ಕೆ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪೇಮೆಂಟ್ ನಿಂತಿತ್ತು. ಯುಪಿಐ, ಐಎಂಪಿಎಸ್ ನಡೆಸುವ ಎನ್‌ಪಿಸಿಐ ಆ ಕಂಪನಿಯನ್ನೇ ತನ್ನ ಜಾಲದಿಂದ ತಾತ್ಕಾಲಿಕವಾಗಿ ಬೇರೆ ಮಾಡಬೇಕಾಯಿತು. ಆ 300ರಲ್ಲಿ ಯಾರೂ ತಪ್ಪು ಮಾಡಿದವರಲ್ಲ. ಹಾಗಾಗಿ ಕರಾರಿನಲ್ಲಿ ಇವು ಇರಲಿ: ನಾವು ಬಿಟ್ಟು ಹೋಗುವುದಾದರೆ ಡೇಟಾ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಕೊಡುತ್ತೀರಿ? ಕಂಪನಿ ಮುಚ್ಚಿದರೆ ಸೋರ್ಸ್ ಕೋಡ್ ಯಾರ ಹತ್ತಿರ ಇರುತ್ತದೆ? ನಿಮ್ಮ ಕೆಳಗೆ ಇನ್ಯಾರು ಕೆಲಸ ಮಾಡುತ್ತಾರೆ? ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರ ಹೆಸರೇನು? ಬೆಲೆ ಚೌಕಾಸಿ ಆಮೇಲೆ ಮಾಡಿ.

ಹಂತ 8: ಪಂಚಾಂಗ ನೋಡಿ

ನಿಜವಾಗಿಯೂ ಹೇಳುತ್ತಿದ್ದೇನೆ. ಮಾರ್ಚ್ ಮತ್ತು ಏಪ್ರಿಲ್ ಮೊದಲ ವಾರ ಬೇಡವೇ ಬೇಡ, ವರ್ಷದ ಲೆಕ್ಕವೂ ಬೆಳೆಸಾಲದ ಗದ್ದಲವೂ ಒಟ್ಟಿಗೆ ಇರುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಒಂಬತ್ತು ದಿನ ಶಿರಸಿ ಪೇಟೆಯಲ್ಲಿ ಬಳೆ ಅಂಗಡಿಯಿಂದ ತೊಟ್ಟಿಲವರೆಗೆ ಎಲ್ಲ ಕಡೆ ಯುಪಿಐ ಸ್ಕ್ಯಾನ್. ಜಾತ್ರೆಗೆ ಎರಡು ವಾರ ಇರುವಾಗಲೇ ಎಲ್ಲ ಬದಲಾವಣೆ ನಿಲ್ಲಿಸಿ. ವಖಾರಿಯಲ್ಲಿ ಅಡಿಕೆ ರಾಶಿ ಬೀಳುವ ವಾರಗಳೂ ಬೇಡ. ಕರಾವಳಿ ಶಾಖೆಗಳಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಕಾಲ ಬಿಡುವು, ಆದರೆ ಮಳೆಯ ಕಾರಣಕ್ಕೆ ನನಗೆ ಅದರ ಮೇಲೆ ನಂಬಿಕೆ ಇಲ್ಲ. ತರಬೇತಿಗೆ ಆ ಎರಡು ತಿಂಗಳು ಚಲೋ. ಬದಲಾವಣೆಗೆ ಅಕ್ಟೋಬರ್ ಕೊನೆ, ನವೆಂಬರ್ ವಾಸಿ, ದೀಪಾವಳಿ ತಪ್ಪಿಸಿಕೊಂಡು.

ಹಂತ 9: ಆ ರಾತ್ರಿ

ಅದಕ್ಕೂ ಮೊದಲು ಕನಿಷ್ಠ ಒಂದು ತಿಂಗಳು ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ನಡೆಸಿ. ಅದೇ ವ್ಯವಹಾರ ಎರಡಕ್ಕೂ ಹೋಗಲಿ, ಹಣ ಮಾತ್ರ ಹಳೆಯದರಿಂದಲೇ ಚಲಿಸಲಿ. ಸಂಜೆ ಎರಡರ ಉತ್ತರ ಹೋಲಿಸಿ. ಒಂದು ತಿಂಗಳು ಅಂದರೆ ತಿಂಗಳ ಕೊನೆಯ ದಿನವೂ ಅದರಲ್ಲಿ ಬರಬೇಕು.

ಒಂದೊಂದು ಭಾಗವನ್ನು ಹೊಸದಕ್ಕೆ ಬದಲಾಯಿಸುವ ರಾತ್ರಿಗೆ ಒಂದು ಹಾಳೆ ಸಾಕು. ಎಷ್ಟು ಗಂಟೆಗೆ ಏನು, ಯಾರು ಮಾಡುವವರು, ಆಯಿತೆಂದು ನೋಡುವವರು ಯಾರು. ಮುಖ್ಯ ಸಾಲು ಇದು: "ಬೆಳಗಿನ 4 ಗಂಟೆಗೆ ತಾಳೆ ಸೊನ್ನೆ ಬರದಿದ್ದರೆ ಹಳೆಯದಕ್ಕೆ ವಾಪಸ್." ಅದನ್ನು ಹೇಳುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ, ಅವರು ವೆಂಡರ್ ಕಡೆಯವರಾಗಿರಬಾರದು. ಮೂರೂವರೆಗೆ "ಇನ್ನೊಂದು ಹತ್ತು ನಿಮಿಷ ಸರ್" ಎನ್ನುವುದು ಶುರುವಾಗುತ್ತದೆ. ಹತ್ತು ನಿಮಿಷ ಹತ್ತು ಸಲ ಆದ ಮೇಲೆ ಹಿಂದೆ ಹೋಗಲು ದಾರಿ ಉಳಿದಿರುವುದಿಲ್ಲ. ವಾಪಸ್ ಹೋಗುವುದನ್ನೂ ಒಮ್ಮೆ ಅಭ್ಯಾಸ ಮಾಡಿರಬೇಕು, ಸುಮ್ನೆ ಹಾಳೆಯಲ್ಲಿ ಬರೆದರೆ ಆಗುವುದಿಲ್ಲ.

ಕೌಂಟರಿನವರಿಗೆ ಮೊದಲೇ ಕಲಿಸಿ. ನಮ್ಮ ಹಳೆ ಕ್ಲರ್ಕ್ ಒಬ್ಬರ ಬೆರಳಿಗೆ ಹಳೆ ಪರದೆಯ ಎಫ್ 5, ಎಫ್ 9 ಅಭ್ಯಾಸ. ಹೊಸದರಲ್ಲಿ ಮೌಸ್ ಹಿಡಿದು ಹುಡುಕುವಾಗ ಕ್ಯೂ ಬಾಗಿಲ ತನಕ ಬಂತು. ಕೊನೆಗೆ ವೆಂಡರಿಗೆ ಹೇಳಿ ಅದೇ ಗುಂಡಿಗಳನ್ನು ಹೊಸದರಲ್ಲೂ ಇಡಿಸಿದೆವು. ಅರ್ಧ ದಿನದ ಕೆಲಸ ಅದು. ಗ್ರಾಹಕರಿಗೆ ಎಸ್‌ಎಂಎಸ್ ಕಳಿಸುವುದರ ಜೊತೆಗೆ ಸೊಸೈಟಿಯ ಬೋರ್ಡಿನಲ್ಲಿ, ಹಾಲಿನ ಡೇರಿಯಲ್ಲಿ ಒಂದು ಚೀಟಿ ಅಂಟಿಸಿ: "ಶನಿವಾರ ರಾತ್ರಿ 10ರಿಂದ ಭಾನುವಾರ ಬೆಳಿಗ್ಗೆ 6ರವರೆಗೆ ಸೇವೆ ಇಲ್ಲ." ಲಿಂಕ್ ಒತ್ತಿ, ಒಟಿಪಿ ಹೇಳಿ ಎಂದು ಬ್ಯಾಂಕ್ ಕೇಳುವುದಿಲ್ಲ ಎಂಬುದನ್ನೂ ಅದರಲ್ಲೇ ಬರೆಯಿರಿ. ಇಂಥ ಸಮಯ ನೋಡಿಯೇ ಮೋಸದ ಕರೆಗಳು ಬರುತ್ತವೆ.

ಹಂತ 10: ಹಳೆಯದನ್ನು ಯಾವಾಗ ಆರಿಸುವುದು?

ಬೇಗ ಬೇಡ. ಮೂರು ತಿಂಗಳಾದರೂ, ಅದರೊಳಗೆ ಒಂದು ಅರ್ಧ ವರ್ಷದ ಲೆಕ್ಕ ಮುಗಿಯದಿದ್ದರೆ ಅದು ಮುಗಿಯುವ ತನಕ, ಓದಲಿಕ್ಕೆ ಮಾತ್ರ ಬರುವ ಹಾಗೆ ಇಡಿ. ಬ್ಯಾಂಕ್ ದಾಖಲೆಗಳಲ್ಲಿ ಕೆಲವನ್ನು 5 ವರ್ಷ, ಕೆಲವನ್ನು 8 ವರ್ಷ ಇಡಬೇಕೆಂಬ ನಿಯಮ 1985ರಿಂದಲೂ ಇದೆ. ಹಾಗಾಗಿ ಹಳೆ ಡೇಟಾವನ್ನು ಯಾವ ಕಂಪ್ಯೂಟರಿನಲ್ಲೂ ತೆರೆಯುವಂಥ ಸಾದಾ ರೂಪದಲ್ಲಿ ಎರಡು ಪ್ರತಿ ತೆಗೆದು, ಒಂದನ್ನು ಬೇರೆ ಊರಿನ ಶಾಖೆಯಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ಓದಿ ನೋಡಿ.

ಎರಡು ಸಲ ಜಮೆಯಾದ ಹಣ ಎಲ್ಲ ವಾಪಸ್ ಬರಲು ನಮಗೆ ಐದು ತಿಂಗಳು ಹಿಡಿಯಿತು. ಕೊನೆಯದು ಸಿದ್ದಾಪುರ ಕಡೆಯ ಒಬ್ಬರದ್ದು, 11,240 ರೂಪಾಯಿ. ಅವರು ಅದನ್ನು ಖರ್ಚು ಮಾಡಿಬಿಟ್ಟಿದ್ದರು, ಮುಂದಿನ ಚಾಲಿ ಅಡಿಕೆ ಮಾರಿದ ಮೇಲೆ ಕಟ್ಟಿದರು. ರಸೀದಿ ಕೊಡುವಾಗ ಕೇಳಿದರು, "ಮುಂದಿನ ಸಲ ಮತ್ತೆ ಹೀಗೆ ಬಂದ್ರೆ ಬಡ್ಡಿ ಹಾಕ್ತ್ರಾ?"